ಅಪ್‌ಡೇಟ್: ಮೀನು ಕದ್ದವರು ಬೇರೆಯವರೇ!

ಹೋದ ತಿಂಗಳು ಕೇಳಿದ್ದೆ: ನಾಪೋಕ್ಲು ಹತ್ತಿರ ನಮ್ಮ ಮನೆ ಹಿಂದಿನ ಕೊಳದಲ್ಲಿ ಕಾಟ್ಲಾ, ರೋಹು ಮೀನು ಕಮ್ಮಿ ಆಗುತ್ತಲೇ ಇವೆ, ಏನು ಮಾಡಲಿ ಅಂತ. ಜಾಸ್ತಿ ಜನ ಕೊಕ್ಕರೆ ಅಂದಿರಿ. ನಾನೂ ನಂಬಿದೆ.

ಅಗ್ಗದ ನೈಲಾನ್ ಬಲೆ ತಂದು ಸಡಿಲವಾಗಿ ಹಾಸಿದೆ. ದೊಡ್ಡ ತಪ್ಪು. ಮೂರನೇ ದಿನ ಅದರಲ್ಲಿ ನೀರೊಳ್ಳೆ ಹಾವು ಸಿಕ್ಕಿಕೊಂಡಿತ್ತು. ವಿಷ ಇಲ್ಲ ನಿಜ, ಆದರೆ ಸಿಟ್ಟು ಬೇಕಾದಷ್ಟಿದೆ. ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಬಿಡಿಸುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು.

ಮೀನು ಮಾತ್ರ ಕಮ್ಮಿ ಆಗುತ್ತಲೇ ಇತ್ತು. ಒಂದು ಬೆಳಗ್ಗೆ ದಂಡೆಯ ಕಲ್ಲಿನ ಮೇಲೆ ಹಿಕ್ಕೆ ಕಂಡಿತು. ಕಡ್ಡಿಯಲ್ಲಿ ಕೆದಕಿದರೆ ಏಡಿ ಚಿಪ್ಪಿನ ಚೂರು, ಮೀನಿನ ಹುರುಪೆ. ಕೆಸರಿನಲ್ಲಿ ಐದು ಬೆರಳಿನ ಹೆಜ್ಜೆ. ನೀರುನಾಯಿ! ಗದ್ದೆ ಪಕ್ಕದ ತೋಡಿನಿಂದ ರಾತ್ರಿ ಬರುತ್ತಿತ್ತು.

ಉರುಳು ಇಡಿ ಅಂದ ಪಕ್ಕದ ಮನೆಯವರಿಗೆ ಹೇಳಿದೆ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, ಸುಮ್ನೆ ಕೇಸ್ ಆಗುತ್ತೆ ಅಂತ. ಅದರ ಬದಲು ಸುತ್ತಲೂ ಸಣ್ಣ ಕಣ್ಣಿನ ತಂತಿ ಬಲೆ ಹಾಕಿದೆ. ಬುಡವನ್ನು ಒಂದು ಅಡಿ ಮಣ್ಣಿನೊಳಗೆ ಹೂತು, ತುದಿ ಹೊರಕ್ಕೆ ಬಗ್ಗಿಸಿದೆ. ಇಲ್ಲದಿದ್ದರೆ ಅಗೆದು ನುಗ್ಗುತ್ತೆ ಅಲ್ವಾ? ಮೇಲಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಮೀನು ಅಡಗಲು ಒಡೆದ ಪೈಪು ಮುಳುಗಿಸಿದೆ.

ಮೂರು ವಾರ ಆಯಿತು, ಹೊಸ ಹೆಜ್ಜೆ ಇಲ್ಲ. ಮಿಂಚುಳ್ಳಿ ಮಾತ್ರ ದಿನಾ ಸಿಲ್ವರ್ ಓಕ್ ಕೊಂಬೆ ಮೇಲೆ ಕೂತು ಬಲೆಯನ್ನೇ ನೋಡುತ್ತಿರುತ್ತೆ.