ಮನೆ ಸಾಲ ಬೇಗ ತೀರಿಸಿದರೆ ಇಷ್ಟದ ಕೆಲಸಕ್ಕೆ ಹೋಗುವ ಧೈರ್ಯ ಬರುತ್ತಾ?

ತೆರೆದಕಿಟಕಿ:
20 ವರ್ಷದ ಮನೆ ಸಾಲ ಇದೆ. ಅರ್ಧಕ್ಕಿಂತ ಜಾಸ್ತಿ ಅವಧಿ ಇನ್ನೂ ಬಾಕಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ, ಕಂತು ಕಟ್ಟುವುದಕ್ಕೆ ತೊಂದರೆ ಇಲ್ಲ. ತೊಂದರೆ ಇರುವುದು ಕೆಲಸದಲ್ಲಿ. ನನಗೆ ಮಕ್ಕಳಿಗೆ ಗಣಿತ ಹೇಳಿಕೊಡುವ ಆಸೆ ಮೊದಲಿನಿಂದಲೂ ಇದೆ. ಆ ಕೆಲಸಕ್ಕೆ ಸಿಗುವ ಸಂಬಳ ಈಗಿನದರ ಅರ್ಧವೂ ಇಲ್ಲ. ಕಂತು ಇರುವ ತನಕ ಆ ಮಾತು ಎತ್ತುವ ಹಾಗೇ ಇಲ್ಲ. ಅದಕ್ಕೆ ಐದಾರು ವರ್ಷ ಉಳಿತಾಯವನ್ನೆಲ್ಲ ಸಾಲಕ್ಕೆ ಹಾಕಿ ಮುಗಿಸಿಬಿಡೋಣ ಅಂದುಕೊಂಡಿದ್ದೇನೆ. ನಮ್ಮ ಅಣ್ಣ ಬೇಡ ಅನ್ನುತ್ತಾನೆ. ಮನೆ ಸಾಲಕ್ಕಿಂತ ಕಡಿಮೆ ಬಡ್ಡಿಯ ಸಾಲ ಬೇರೆ ಸಿಗಲ್ಲ, ಆ ದುಡ್ಡನ್ನು ಷೇರು ಮಾರುಕಟ್ಟೆಯಲ್ಲಿ ಹಾಕು ಅನ್ನುವುದು ಅವನ ವಾದ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ.

ಕೂಡುಕಳೆ:
ಮೊದಲು ಲೆಕ್ಕ ನೋಡೋಣ. ಸಾಲದ ಮೊತ್ತ 100, ಬಡ್ಡಿ ವರ್ಷಕ್ಕೆ ಶೇ 9, ಅವಧಿ 20 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಹತ್ತಿರ ಹತ್ತಿರ 0.90 ಆಗುತ್ತದೆ. ಮೊದಲ ಕಂತಿನಲ್ಲಿ 0.75 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 0.15 ಮಾತ್ರ. ಅಸಲು ಅರ್ಧಕ್ಕೆ ಇಳಿಯುವ ಹೊತ್ತಿಗೆ 14 ವರ್ಷ ಕಳೆದಿರುತ್ತದೆ. ಕೊನೆಗೆ ಕಟ್ಟಿದ್ದೆಲ್ಲ ಕೂಡಿಸಿದರೆ 216.

ಇದರ ಅರ್ಥ, ಶುರುವಿನ ವರ್ಷಗಳಲ್ಲಿ ಹಾಕಿದ ಹೆಚ್ಚಿನ ದುಡ್ಡಿಗೆ ಬೆಲೆ ಜಾಸ್ತಿ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಬಂದರೂ ಇದೇ ಸಾಲ ಸುಮಾರು ಹದಿನಾರೂವರೆ ವರ್ಷಕ್ಕೆ ಮುಗಿಯುತ್ತದೆ. ಸಂಬಳ ಏರಿದ ಹಾಗೆ ಕಂತನ್ನೂ ಪ್ರತಿ ವರ್ಷ ಶೇ 5ರಷ್ಟು ಏರಿಸಿದರೆ 12 ವರ್ಷ ದಾಟಿ ಒಂದೆರಡು ತಿಂಗಳಿಗೆ ಚುಕ್ತಾ. ನಿಮ್ಮ ಐದಾರು ವರ್ಷದ ಯೋಜನೆ ಇದಕ್ಕಿಂತ ಬಿಗಿ, ಆದರೆ ಎರಡು ಸಂಬಳ ಇರುವ ಮನೆಗೆ ಆಗದ ಮಾತಲ್ಲ.

ಸಾಲ ತೀರಿಸಿದರೆ ಸಿಗುವ ಲಾಭ ಎಂದರೆ ಉಳಿಯುವ ಬಡ್ಡಿ. ಅದರಲ್ಲಿ ಏರಿಳಿತ ಇಲ್ಲ. ಹಾಗೆ ಖಾತ್ರಿಯಾಗಿ ಶೇ 9 ಕೊಡುವ ಬೇರೆ ಜಾಗ ಹುಡುಕಿ ನೋಡಿ. ಸಿಗುವುದು ಕಷ್ಟ.

ಬೆಳ್ಳಿಗೆರೆ:
ಶೇ 9 ಅಂತ ಹಿಡಿದುಕೊಂಡರೆ ನಿಮ್ಮ ಮಾತು ಸರಿ. ಬಡ್ಡಿ ಎಷ್ಟು ಅನ್ನುವುದರ ಮೇಲೇ ಎಲ್ಲ ನಿಂತಿದೆ ಅಲ್ವಾ? ಅಮೆರಿಕದಲ್ಲಿ 2021ರ ಶುರುವಿನಲ್ಲಿ 30 ವರ್ಷದ ಸ್ಥಿರ ಬಡ್ಡಿಯ ಮನೆ ಸಾಲ ಸರಾಸರಿ ಶೇ 3ಕ್ಕಿಂತ ಕೆಳಗೆ ಸಿಗುತ್ತಿತ್ತು. 2022ರ ಕೊನೆಯ ಹೊತ್ತಿಗೆ ಅದೇ ಸಾಲ ಶೇ 7 ಮುಟ್ಟಿತು. ಮೊದಲಿನ ದರ ಹಿಡಿದುಕೊಂಡವರು ಬೇಗ ತೀರಿಸಿದರೆ ನಷ್ಟ ಅವರಿಗೇ. ದರ ಏರಿದ ಮೇಲೆ ಕೆಲವು ಬ್ಯಾಂಕುಗಳ ಠೇವಣಿಯಲ್ಲೇ ಅದಕ್ಕಿಂತ ಜಾಸ್ತಿ ಬಡ್ಡಿ ಬರುತ್ತಿತ್ತು.

ಇನ್ನೊಂದು ವಿಷಯ. ಸ್ಥಿರ ಬಡ್ಡಿಯಾದರೆ ಕಂತು ವರ್ಷ ವರ್ಷ ಬದಲಾಗುವುದಿಲ್ಲ. ಬೆಲೆ ಏರುತ್ತದೆ, ಸಂಬಳ ಏರುತ್ತದೆ. ಇವತ್ತು ಸಂಬಳದ ಮೂರನೇ ಒಂದು ಭಾಗ ನುಂಗುವ ಕಂತು ಹತ್ತು ವರ್ಷದ ಮೇಲೆ ಅಷ್ಟು ಭಾರ ಅನ್ನಿಸುವುದಿಲ್ಲ. ಆ ದುಡ್ಡು ಮಾರುಕಟ್ಟೆಯಲ್ಲಿ ಬೆಳೆಯಲಿ. ಬೇಕಾದಾಗ ಒಂದೇ ಸಲಕ್ಕೆ ತೆಗೆದು ಸಾಲ ಮುಗಿಸಬಹುದು. ನಿಮ್ಮ ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ.

ಕೂಡುಕಳೆ:
ಬೆಳ್ಳಿಗೆರೆಯವರೇ, "ಬೇಕಾದಾಗ ತೆಗೆದು" ಅನ್ನುವ ಕಡೆಯೇ ನನಗೆ ಒಪ್ಪಿಗೆ ಇಲ್ಲ. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್ ತನಕ ಅಮೆರಿಕದ ದೊಡ್ಡ ಕಂಪನಿಗಳ ಷೇರು ಬೆಲೆ ತೋರಿಸುವ ಎಸ್ ಅಂಡ್ ಪಿ 500 ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಅದೇ 2009ರ ಅಕ್ಟೋಬರ್‌ನಲ್ಲಿ ಅಲ್ಲಿನ ನಿರುದ್ಯೋಗ ಶೇ 10 ಆಗಿತ್ತು. ಮಾರುಕಟ್ಟೆ ಬೀಳುವುದೂ ಕೆಲಸ ಹೋಗುವುದೂ ಹಿಂದೆ ಮುಂದೆ ಬರುತ್ತವೆ. ಕೆಲಸ ಇಲ್ಲದಾಗಲೇ ಅರ್ಧ ಬೆಲೆಗೆ ಷೇರು ಮಾರಿ ಕಂತು ಕಟ್ಟಬೇಕಾಗುತ್ತದೆ. ಸರಾಸರಿ ಲಾಭದ ಲೆಕ್ಕದಲ್ಲಿ ಇದು ಕಾಣಿಸುವುದೇ ಇಲ್ಲ.

ನಡುಹಗಲು:
ಇಬ್ಬರೂ ಬಡ್ಡಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಅವರು ಕೇಳಿದ್ದು ಕೆಲಸದ ಬಗ್ಗೆ.

ನಮ್ಮ ಭಾವ ಮೂರು ವರ್ಷ ಬೋನಸ್ಸು, ಉಳಿತಾಯ ಎಲ್ಲ ಸಾಲಕ್ಕೆ ಹಾಕಿದರು. ಮುಕ್ಕಾಲು ಪಾಲು ಸಾಲ ತೀರಿತ್ತು. ಆಗ ಕಂಪನಿಯವರು ಇದ್ದಕ್ಕಿದ್ದ ಹಾಗೆ ಅವರ ವಿಭಾಗವನ್ನೇ ಮುಚ್ಚಿದರು. ಮುಂದಿನ ತಿಂಗಳ ಕಂತು ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ಅವಧಿ ಮಾತ್ರ ಇಳಿದಿತ್ತು. ಮುಂಗಡ ಕಟ್ಟಿದ್ದನ್ನು ಲೆಕ್ಕಕ್ಕೆ ಹಿಡಿದು ಆರು ತಿಂಗಳು ಬಿಡುವು ಕೊಡಿ ಅಂತ ಬ್ಯಾಂಕಿನಲ್ಲಿ ಕೇಳಿದರೆ, ಹಾಗೆ ಬರುವುದಿಲ್ಲ ಅಂದರು. ಮನೆ ಅಡ ಇಟ್ಟು ಹೊಸ ಸಾಲ ತೆಗೆಯೋಣ ಅಂದರೆ ಸಂಬಳದ ಚೀಟಿ ಕೇಳಿದರು. ಕೆಲಸ ಇದ್ದಾಗ ಫೋನ್ ಮಾಡಿ ಸಾಲ ಬೇಕಾ ಅಂತ ಕೇಳುವವರು ಕೆಲಸ ಹೋದ ಮೇಲೆ ಮುಖ ನೋಡುವುದಿಲ್ಲ. ಕಡೆಗೆ ಭಾವ ಮೊದಲು ಸಿಕ್ಕಿದ ಕೆಲಸಕ್ಕೆ ಸೇರಿದರು. ಹಿಂದಿನದಕ್ಕಿಂತ ಕೆಟ್ಟ ಕೆಲಸ ಅದು.

ಅದಕ್ಕೇ ಹೇಳುತ್ತೇನೆ. ಸಾಲ ಪೂರ್ತಿ ತೀರುವ ದಿನದ ತನಕ ಹೆಚ್ಚಿಗೆ ಕಟ್ಟಿದ ದುಡ್ಡು ನಿಮ್ಮ ಕೈಗೆ ಸಿಗುವುದಿಲ್ಲ. ಒಂದು ವರ್ಷದ ಖರ್ಚು, ಕಂತೂ ಸೇರಿ, ಬೇರೆ ಖಾತೆಯಲ್ಲಿ ಇಡಿ. ಅದು ಇದ್ದರೆ ಇವತ್ತೇ ಬೇಡದ ಕೆಲಸಕ್ಕೆ ಬೇಡ ಅನ್ನಬಹುದು. ಐದಾರು ವರ್ಷ ಕಾಯಬೇಕಾಗಿಲ್ಲ.

ಹೊಂಗೆನೆರಳು:
ನಾನು ಸಾಲ ತೀರಿಸಿ ಕೆಲಸ ಬದಲಿಸಿದವಳು. ನಡುಹಗಲು ಅವರ ಭಯ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಂತೇ ಇಲ್ಲದ ಸ್ಥಿತಿ ಹೇಗಿರುತ್ತದೆ ಅನ್ನುವುದನ್ನೂ ಹೇಳಬೇಕು.

ಮನೆಯ ತಿಂಗಳ ಖರ್ಚಿನಲ್ಲಿ ಅತಿ ದೊಡ್ಡದು ಕಂತು. ಉಳಿದದ್ದನ್ನೆಲ್ಲ ಹಿಗ್ಗಿಸಬಹುದು, ಕುಗ್ಗಿಸಬಹುದು. ಕಂತನ್ನು ಹಾಗೆ ಮಾಡಲಾಗುವುದಿಲ್ಲ. ಅದು ಹೋದ ಮೇಲೆ ಮನೆ ನಡೆಸಲು ಎಷ್ಟು ಸಾಕು ಅಂತ ಲೆಕ್ಕ ಹಾಕಿದೆ. ನನ್ನ ಹಳೇ ಸಂಬಳದ ಅರ್ಧಕ್ಕಿಂತ ಕಡಿಮೆ ಬಂತು. ವಾರಕ್ಕೆ ಮೂರು ದಿನದ ಕೆಲಸ ಒಪ್ಪಿಕೊಂಡೆ. ಉಳಿದ ದಿನ ವಯಸ್ಸಾದ ಅಮ್ಮನ ಜೊತೆ ಇರುತ್ತೇನೆ. ಒಂದು ಮಾತು ನೆನಪಿರಲಿ: ತೆರಿಗೆ, ರಿಪೇರಿ, ವಿಮೆ ಇವು ಸಾಲ ತೀರಿದ ಮೇಲೂ ಇರುತ್ತವೆ. ಮನೆ ಇನ್ನು ಬಿಟ್ಟಿ ಅಂತ ತಿಳಿಯಬೇಡಿ.

ಕೆಲಸ ಬಿಡುವ ಮೊದಲೇ ನನ್ನಲ್ಲಿ ಏನೋ ಬದಲಾಗಿತ್ತು. ಮೀಟಿಂಗಿನಲ್ಲಿ "ಇದು ಆಗುವುದಿಲ್ಲ, ಜನಕ್ಕೆ ಸುಳ್ಳು ಹೇಳಿದ ಹಾಗಾಗುತ್ತದೆ" ಅಂತ ಬಾಯಿಬಿಟ್ಟು ಹೇಳಿದೆ. ಸಾಲ ಇದ್ದಾಗ ಅದೇ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಸಾಲ ಇರುವವರು ಹೆದರುಪುಕ್ಕಲರು ಅಂತ ನಾನು ಹೇಳುತ್ತಿಲ್ಲ. ಅವರ ಮನೆಯವರ ಸೂರು ಆ ಸಂಬಳದ ಮೇಲೆ ನಿಂತಿದೆ. ಅವರು ಇನ್ನೇನು ಮಾಡಬೇಕು?

ಬೆಳ್ಳಿಗೆರೆ:
ನಿಮ್ಮ ಅನುಭವಕ್ಕೆ ಎದುರು ಮಾತಿಲ್ಲ. ಆದರೆ ಆ ಧೈರ್ಯ ಸಾಲ ತೀರಿದ್ದರಿಂದಲೇ ಬಂತಾ, ಕೈಯಲ್ಲಿ ಅಷ್ಟೇ ದುಡ್ಡು ಇದ್ದಿದ್ದರೂ ಬರುತ್ತಿತ್ತಾ? ಸಾಲ 40 ಬಾಕಿ ಇದ್ದು ಖಾತೆಯಲ್ಲಿ 40 ಇದ್ದರೆ ಎರಡೂ ಒಂದೇ ತಾನೆ.

ಹೊಂಗೆನೆರಳು:
ಕಾಗದದ ಮೇಲೆ ಒಂದೇ. ಖಾತೆಯಲ್ಲಿ ಇರುವ 40ಕ್ಕೆ ಕೇಳುವವರು ತುಂಬ ಜನ ಇರುತ್ತಾರೆ. ಕಾರು, ಮದುವೆ, ನೆಂಟರ ಕಷ್ಟ, ಯಾರೋ ಹೇಳಿದ ಒಳ್ಳೆಯ ಷೇರು. ಸಾಲಕ್ಕೆ ಹೋದ ದುಡ್ಡನ್ನು ಯಾರೂ ಕೇಳುವುದಿಲ್ಲ. ಕೈ ಬಿಗಿಯಾಗಿ ಇಡಬಲ್ಲವರಿಗೆ ನಿಮ್ಮ ದಾರಿ ಸರಿ ಇರಬಹುದು.

ಮರಳಿಗೂಡು:
ಕೆಲಸ ಮತ್ತು ಸಾಲದ ನಂಟು ಬರೀ ಅನುಭವದ ಮಾತಲ್ಲ. ಅರ್ಥಶಾಸ್ತ್ರಜ್ಞರಾದ ಜೆಸ್ಸಿ ರೋತ್‌ಸ್ಟೈನ್ ಮತ್ತು ಸಿಸಿಲಿಯಾ ರೌಸ್ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಂದು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಸಾಲದ ಬದಲು ನೆರವಿನ ಹಣ ಕೊಡಲು ಶುರು ಮಾಡಿತ್ತು. ಸಾಲ ಇದ್ದವರು ಜಾಸ್ತಿ ಸಂಬಳದ ಕೆಲಸದ ಕಡೆ ವಾಲಿದ್ದರು. ಸಂಬಳ ಕಡಿಮೆ ಇರುವ ಸಮಾಜದ ಕೆಲಸಗಳಿಗೆ ಹೋಗುವುದು ಅವರಲ್ಲಿ ಕಡಿಮೆ ಇತ್ತು. ಅದು ಓದಿನ ಸಾಲ, ಮನೆ ಸಾಲ ಅಲ್ಲ. ಆದರೂ ಪಾಠ ಮಾಡಬೇಕು ಅಂತಿರುವ ತೆರೆದಕಿಟಕಿ ಅವರ ಪ್ರಶ್ನೆಗೆ ಇದು ತೀರಾ ಹತ್ತಿರ.

ನನಗೆ ಬೇರೆ ಒಂದು ಕಾಳಜಿ. ನೀವು ಇಬ್ಬರೂ ದುಡಿಯುತ್ತೀರಿ ಅಂದಿರಿ. ಐದಾರು ವರ್ಷ ಇಬ್ಬರೂ ಬಿಗಿ ಹಿಡಿದು ಸಾಲ ತೀರಿಸುತ್ತೀರಿ, ಆಮೇಲೆ ಬಿಡುಗಡೆ ಆಗುವುದು ಒಬ್ಬರಿಗೆ. ಇನ್ನೊಬ್ಬರು? ಅವರಿಗೂ ಒಂದು ಆಸೆ ಇದ್ದೇ ಇರುತ್ತದೆ, ನೀವು ಕೇಳಿರಲಿಕ್ಕಿಲ್ಲ. ನಮ್ಮಲ್ಲಿ ಮೊದಲು ನಾನು ಮೂರು ವರ್ಷ ಓದುವುದು, ಆಮೇಲೆ ಅವರು ಸ್ವಂತ ಕೆಲಸ ಶುರು ಮಾಡುವುದು ಅಂತ ಮೊದಲೇ ಮಾತಾಗಿತ್ತು. ಅದು ಇಲ್ಲದಿದ್ದರೆ ಒಬ್ಬರ ಕಂತನ್ನು ಇಳಿಸಿ ಇನ್ನೊಬ್ಬರ ಹೆಗಲ ಮೇಲೆ ಹೊರಿಸಿದ ಹಾಗಾಗುತ್ತದೆ.

ತೆರೆದಕಿಟಕಿ:
ಮರಳಿಗೂಡು ಅವರೇ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಅವಳ ಮುಂದೆ ಇಟ್ಟೆ. ಅವಳಿಗೆ ಈಗಿನ ಕೆಲಸ ಇಷ್ಟ, ಬಿಡುವ ಮನಸ್ಸಿಲ್ಲ. ಆದರೆ ರಾತ್ರಿ ಪಾಳಿ ಬೇಡ ಅಂತ ಹೇಳುವ ಸ್ಥಿತಿ ಬರಬೇಕು ಅಂದಳು. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇವೆ.

ನಡುಹಗಲು ಅವರ ಭಾವನ ವಿಷಯ ಓದಿ ಚಿಂತೆ ಆಯಿತು. ನಮ್ಮದು ಬದಲಾಗುವ ಬಡ್ಡಿಯ ಸಾಲ. ಮುಂಗಡ ಕಟ್ಟಿದರೆ ದಂಡ ಇಲ್ಲ, ಕರಾರಿನಲ್ಲಿ ನೋಡಿದೆ. ಅವಧಿ ಇಳಿಸಬೇಕಾ, ಕಂತು ಇಳಿಸಬೇಕಾ?

ಕೂಡುಕಳೆ:
ಬಡ್ಡಿ ಉಳಿಸುವುದೇ ಗುರಿಯಾದರೆ ಅವಧಿ. ಮೇಲಿನ ಉದಾಹರಣೆಯಲ್ಲೇ, ಸಾಲದ ಶುರುವಿನಲ್ಲಿ 20 ಮುಂಗಡ ಕಟ್ಟಿದಿರಿ ಅಂದುಕೊಳ್ಳಿ. ಕಂತು ಹಾಗೇ ಇಟ್ಟು ಅವಧಿ ಇಳಿಸಿದರೆ 20 ವರ್ಷದ್ದು ಸುಮಾರು 12 ವರ್ಷ 3 ತಿಂಗಳಿಗೆ ಬರುತ್ತದೆ, ಕಟ್ಟುವ ಬಡ್ಡಿ ಸುಮಾರು 52. ಅವಧಿ ಹಾಗೇ ಇಟ್ಟು ಕಂತು ಇಳಿಸಿದರೆ ಕಂತು ಐದನೇ ಒಂದು ಭಾಗ ಕಡಿಮೆ ಆಗುತ್ತದೆ, ಆದರೆ ಬಡ್ಡಿ 93ರ ಹತ್ತಿರ.

ಆದರೆ ನಿಮಗೆ ನಾನು ಕಂತು ಇಳಿಸಿ ಅಂತಲೇ ಹೇಳುತ್ತೇನೆ. ಇಳಿಸಿದ ಮೇಲೂ ಪ್ರತಿ ತಿಂಗಳು ಹಳೇ ಕಂತಿನಷ್ಟೇ ಕಟ್ಟಿ. ಹೆಚ್ಚಿನದು ಅಸಲಿಗೆ ಹೋಗುತ್ತದೆ. ಸಾಲ ಮುಗಿಯುವುದು ಹೆಚ್ಚು ಕಡಿಮೆ ಅವಧಿ ಇಳಿಸಿದಾಗಿನಷ್ಟೇ ಬೇಗ, ಬಡ್ಡಿಯೂ ಅಷ್ಟೇ. ವ್ಯತ್ಯಾಸ ಒಂದೇ: ಬ್ಯಾಂಕಿಗೆ ಕಟ್ಟಲೇಬೇಕಾದ ಮೊತ್ತ ಚಿಕ್ಕದು, ಉಳಿದದ್ದು ನಿಮ್ಮ ಇಷ್ಟ. ಕೆಲಸ ಹೋದರೆ, ಅಥವಾ ನೀವೇ ಬಿಟ್ಟರೆ, ಆ ತಿಂಗಳೇ ಚಿಕ್ಕ ಕಂತಿಗೆ ಇಳಿಯಬಹುದು. ಯಾರ ಅನುಮತಿಯೂ ಬೇಡ. ನಡುಹಗಲು ಅವರ ಭಾವನಿಗೆ ಇದೊಂದು ಇದ್ದಿದ್ದರೆ ಉಸಿರಾಡಲು ಜಾಗ ಸಿಗುತ್ತಿತ್ತು.

ಬದಲಾಗುವ ಬಡ್ಡಿ ಅಂದಿರಲ್ಲ, ಒಂದು ಎಚ್ಚರ. ದರ ಏರಿದಾಗ ಕೆಲವು ಬ್ಯಾಂಕುಗಳು ಕಂತು ಏರಿಸುವುದಿಲ್ಲ, ಸುಮ್ನೆ ಅವಧಿ ಎಳೆಯುತ್ತವೆ. ಶೇ 9ರ ಸಾಲ ಶುರುವಿನಲ್ಲೇ ಶೇ 10.8 ಆಯಿತು ಅಂದುಕೊಳ್ಳಿ. ತಿಂಗಳ ಬಡ್ಡಿಯೇ 0.90, ಕಂತೂ 0.90. ಅಸಲು ಕದಲುವುದೇ ಇಲ್ಲ. ವರ್ಷಕ್ಕೊಮ್ಮೆ ಸಾಲದ ಪಟ್ಟಿ ತರಿಸಿ ನೋಡುತ್ತಿರಿ.

ನಡುಹಗಲು:
ಇದು ನನಗೆ ಗೊತ್ತಿರಲಿಲ್ಲ. ಇದರ ಜೊತೆ ಇನ್ನೊಂದು ಸೇರಿಸಿ. ಕೆಲವು ಬ್ಯಾಂಕುಗಳಲ್ಲಿ ಸಾಲಕ್ಕೆ ಜೋಡಿಸಿದ ಉಳಿತಾಯ ಖಾತೆ ಇರುತ್ತದೆ. ಅದರಲ್ಲಿ ಎಷ್ಟು ದುಡ್ಡು ಇರುತ್ತದೋ ಅಷ್ಟು ಅಸಲಿಗೆ ಬಡ್ಡಿ ಹಾಕುವುದಿಲ್ಲ. ಬೇಕಾದಾಗ ಆ ದುಡ್ಡನ್ನು ವಾಪಸ್ ತೆಗೆಯಬಹುದು. ಸಾಮಾನ್ಯವಾಗಿ ಬಡ್ಡಿ ದರ ಸ್ವಲ್ಪ ಜಾಸ್ತಿ ಇರುತ್ತದೆ. ಕೆಲಸ ಬಿಡುವ ಯೋಚನೆ ಇರುವವರಿಗೆ ಆ ಸ್ವಲ್ಪ ಜಾಸ್ತಿ ಕೊಡುವುದು ದಂಡ ಅಲ್ಲ ಅಂತ ನನ್ನ ಅಭಿಪ್ರಾಯ. ಇಂಥ ಖಾತೆಗೆ ಬದಲಾಗುವುದಿದ್ದರೆ ಸಂಬಳ ಬರುತ್ತಿರುವಾಗಲೇ ಬದಲಾಗಿ. ಆಮೇಲೆ ಕೇಳಿದರೆ ಕೊಡುವುದಿಲ್ಲ.

ಬೆಳ್ಳಿಗೆರೆ:
ದುಡ್ಡು ಕೈಗೆ ಸಿಗುವ ಹಾಗೆ ಇರಬೇಕು ಅನ್ನುವಲ್ಲಿಗೆ ಎಲ್ಲರೂ ಬಂದಿರಿ, ಸಂತೋಷ. ಆದರೂ ಉಳಿತಾಯ ಎಲ್ಲವನ್ನೂ ಒಂದೇ ಮನೆಯಲ್ಲಿ ಹೂಡುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಪಾಠದ ಸಂಬಳದಲ್ಲಿ ನಿವೃತ್ತಿಗೆ ಉಳಿಸುವುದು ಕಷ್ಟ ಆಗುತ್ತದೆ. ದುಡಿಮೆ ಜಾಸ್ತಿ ಇರುವ ಈ ವರ್ಷಗಳಲ್ಲೇ ಅದಕ್ಕೊಂದು ಪಾಲು ಹೋಗಬೇಕು. 60 ವರ್ಷಕ್ಕೆ ಮನೆ ಇದ್ದು ಕೈಯಲ್ಲಿ ಏನೂ ಇಲ್ಲದಿದ್ದರೆ ಆಗ ಯಾವ ಕೆಲಸ ಆರಿಸಿಕೊಳ್ಳುತ್ತೀರಿ?

ಹೊಂಗೆನೆರಳು:
ಈ ಮಾತು ನಾನೂ ಒಪ್ಪುತ್ತೇನೆ. ಸಾಲ ತೀರಿಸುವಾಗಲೂ ನಿವೃತ್ತಿ ಉಳಿತಾಯ ನಿಲ್ಲಿಸಿರಲಿಲ್ಲ. ಅದಕ್ಕೆ ಒಂದೆರಡು ವರ್ಷ ಜಾಸ್ತಿ ಹಿಡಿಯಿತು.

ತೆರೆದಕಿಟಕಿ ಅವರೇ, ಒಂದು ಸಲಹೆ. ಈಗಲೇ ಮೂರು ತಿಂಗಳು ಪಾಠದ ಸಂಬಳದಷ್ಟರಲ್ಲೇ, ನಿಮ್ಮವರ ಸಂಬಳವನ್ನೂ ಸೇರಿಸಿ, ಮನೆ ನಡೆಸಿ ನೋಡಿ. ಮಿಕ್ಕಿದ್ದೆಲ್ಲ ಸಾಲಕ್ಕೆ ಹೋಗಲಿ. ಸಾಗುತ್ತಾ ಇಲ್ಲವಾ ಅನ್ನುವುದು ಆಗ ಗೊತ್ತಾಗುತ್ತದೆ. ರಜೆಯ ದಿನ ಮಕ್ಕಳಿಗೆ ಪಾಠ ಹೇಳಲೂ ಶುರು ಮಾಡಿ. ಆ ಕೆಲಸ ದೂರದಿಂದ ಕಂಡ ಹಾಗೇ ಇದೆಯಾ ಅಂತ ಸಾಲ ತೀರುವ ಮೊದಲೇ ತಿಳಿದರೆ ಒಳ್ಳೆಯದು.

ತೆರೆದಕಿಟಕಿ:
ಭಾನುವಾರದ ಪಾಠ ಶುರು ಮಾಡಿ ಸ್ವಲ್ಪ ಸಮಯ ಆಯಿತು. ಆಸೆ ಕಡಿಮೆ ಆಗಿಲ್ಲ, ಜಾಸ್ತಿಯೇ ಆಗಿದೆ.

ನಾವಿಬ್ಬರೂ ಕೂತು ಮಾತಾಡಿ ಹೀಗೆ ಅಂದುಕೊಂಡಿದ್ದೇವೆ. ಮೊದಲು ಒಂದು ವರ್ಷದ ಖರ್ಚು ಪಕ್ಕಕ್ಕೆ. ಆಮೇಲೆ ಕೈಗೆ ಬರುವ ದೊಡ್ಡ ಮೊತ್ತಗಳಿಂದ ಕಂತು ಇಳಿಸುತ್ತಾ ಹೋಗುವುದು, ಕಟ್ಟುವುದು ಮಾತ್ರ ಈಗಿನಷ್ಟೇ. ನಿವೃತ್ತಿ ಉಳಿತಾಯಕ್ಕೆ ಕೈ ಹಾಕುವುದಿಲ್ಲ. ಕಟ್ಟಲೇಬೇಕಾದ ಕಂತು ಅವಳ ಸಂಬಳದ ಕಾಲು ಭಾಗಕ್ಕೆ ಇಳಿದ ದಿನ ನಾನು ಶಾಲೆಗಳಿಗೆ ಅರ್ಜಿ ಹಾಕುತ್ತೇನೆ. ಸಾಲ ಪೂರ್ತಿ ತೀರುವ ತನಕ ಕಾಯುವುದಿಲ್ಲ. ಹಾಗೆ ನೋಡಿದರೆ ಐದಾರು ವರ್ಷ ಬೇಕಾಗುವುದಿಲ್ಲ, ಮೂರು ನಾಲ್ಕು ಸಾಕು.

ಕೂಡುಕಳೆ:
ಚೆನ್ನಾಗಿದೆ. ಕಾಲು ಭಾಗದ ಲೆಕ್ಕ ಹಾಕುವಾಗ ದರ ಶೇ 2ರಷ್ಟು (ಅಂದರೆ ಶೇ 9 ಇದ್ದದ್ದು ಶೇ 11 ಆಗುವ ಹಾಗೆ) ಏರಿದರೆ ಕಂತು ಎಷ್ಟಾಗುತ್ತದೆ ಅಂತಲೂ ನೋಡಿಕೊಳ್ಳಿ. ಪ್ರತಿ ಸಲ ಮುಂಗಡ ಕಟ್ಟುವಾಗ "ಕಂತು ಇಳಿಸಿ, ಅವಧಿ ಹಾಗೇ ಇರಲಿ" ಅಂತ ಬರಹದಲ್ಲೇ ಕೊಡಿ. ಏನೂ ಹೇಳದಿದ್ದರೆ ಅವಧಿಯನ್ನೇ ಇಳಿಸಿಬಿಡಬಹುದು. ಹೊಸ ಪಟ್ಟಿ ಕೈಗೆ ಬಂದ ಮೇಲೆ ಕಂತಿನ ಮೊತ್ತ ಸರಿಯಾಗಿದೆಯಾ ಅಂತ ನೋಡಿ. ಬೇಕಾದರೆ ಇಲ್ಲಿ ಹಾಕಿ, ನಾನೂ ಒಮ್ಮೆ ಕೂಡಿ ಕಳೆದು ನೋಡುತ್ತೇನೆ.