ಥಾಯ್ಲೆಂಡ್: ಕೋರ್ಟ್ ತೆಗೆದದ್ದು ಒಬ್ಬರನ್ನ, ಸಂಪುಟ ಪೂರ್ತಿ ಹೋದದ್ದು ಯಾಕೆ?

ಪ್ರಶ್ನೆ: ಸರ್, 2025ರ ಆಗಸ್ಟ್ 29ಕ್ಕೆ ಥಾಯ್ಲೆಂಡಿನ ಸಾಂವಿಧಾನಿಕ ನ್ಯಾಯಾಲಯ ಪ್ರಧಾನಿ ಪೇಟೊಂಗ್‌ಟಾರ್ನ್ ಶಿನವಾತ್ರ ಅವರನ್ನು ವಜಾ ಮಾಡಿತು. ಅವರ ಮೈತ್ರಿಕೂಟ ಇನ್ನೊಬ್ಬರನ್ನು ಕೂರಿಸಬಹುದಿತ್ತಲ್ಲ? ಒಂದೇ ವಾರದಲ್ಲಿ ಅನುತಿನ್ ಚರ್ನ್‌ವಿರಾಕುಲ್ ಹೇಗೆ ಗೆದ್ದರು?

ಉತ್ತರ: ಕಾಂಬೋಡಿಯಾದ ಮಾಜಿ ಪ್ರಧಾನಿ ಹುನ್ ಸೆನ್ ಜೊತೆಗಿನ ಫೋನ್ ಮಾತು ಸೋರಿಕೆಯಾದ ಪ್ರಕರಣ ಅದು. ನೈತಿಕ ಮಾನದಂಡ ಮೀರಿದ್ದಾರೆ ಅಂತ 6-3ರ ತೀರ್ಪು. ಆದರೆ ಸಂವಿಧಾನದ 167ನೇ ವಿಧಿ ನೋಡಿ: ಪ್ರಧಾನಿ ಸ್ಥಾನ ತೆರವಾದರೆ ಸಂಪುಟ ಪೂರ್ತಿ ಹೋಗುತ್ತೆ, ಮಂತ್ರಿಗಳು ಹೊಸ ಸರ್ಕಾರ ಬರುವತನಕ ಹಂಗಾಮಿ ಅಷ್ಟೇ. ಹಾಗಾಗಿ ಖಾತೆ ಹಂಚಿಕೆ, ಮೈತ್ರಿ ಒಪ್ಪಂದ ಎಲ್ಲಾ ಮತ್ತೆ ಮೊದಲಿಂದ. ಅನುತಿನ್ ಅವರ ಪಕ್ಷ ಭೂಮ್‌ಜೈಥಾಯ್ ಜೂನ್‌ನಲ್ಲೇ ಮೈತ್ರಿಯಿಂದ ಹೊರನಡೆದಿದ್ದರಿಂದ ಪೇಟೊಂಗ್‌ಟಾರ್ನ್ ಪಕ್ಷವಾದ ಫ್ಯೂ ಥಾಯ್ ಕೂಟದ ಬಳಿ ಉಳಿದಿದ್ದು ಕೂದಲೆಳೆಯ ಬಹುಮತ.

ನಿಜವಾದ ಗಂಟು ಇರೋದು 88 ಮತ್ತು 159ನೇ ವಿಧಿಗಳಲ್ಲಿ. ಚುನಾವಣೆಗೆ ಮುಂಚೆಯೇ ಪ್ರತಿ ಪಕ್ಷ ಹೆಚ್ಚೆಂದರೆ ಮೂರು ಹೆಸರು ಕೊಟ್ಟಿರಬೇಕು. ಆ ಪಟ್ಟಿಯ ಆಚೆ ಯಾರನ್ನೂ ಪ್ರಧಾನಿ ಮಾಡೋಕಾಗಲ್ಲ. ಫ್ಯೂ ಥಾಯ್ ಕೊಟ್ಟ ಮೂವರಲ್ಲಿ ಸ್ರೆತ್ತಾ ಥಾವಿಸಿನ್‌ರನ್ನು 2024ರ ಆಗಸ್ಟ್‌ನಲ್ಲಿ ಇದೇ ಕೋರ್ಟ್ ತೆಗೆದಿತ್ತು, ಈಗ ಪೇಟೊಂಗ್‌ಟಾರ್ನ್. ಉಳಿದವರು ಚೈಕಸೆಮ್ ನಿತಿಸಿರಿ ಒಬ್ಬರೇ.

ಮರುಪ್ರಶ್ನೆ: ಸದನದಲ್ಲಿ ದೊಡ್ಡ ಪಕ್ಷ ಪೀಪಲ್ಸ್ ಪಾರ್ಟಿ ತಾನೇ? ಅವರೇ ಯಾಕೆ ನಿಲ್ಲಲಿಲ್ಲ?

ಉತ್ತರ: ನಿಲ್ಲಿಸೋಕೆ ಹೆಸರೇ ಇರಲಿಲ್ಲ ಮೇಡಂ! 2023ರ ಚುನಾವಣೆಯಲ್ಲಿ ಇವರ ಹಿಂದಿನ ಪಕ್ಷ ಮೂವ್ ಫಾರ್ವರ್ಡ್ ಕೊಟ್ಟಿದ್ದು ತನ್ನ ನಾಯಕ ಪಿಟಾ ಅವರ ಒಂದೇ ಹೆಸರು. 2024ರಲ್ಲಿ ಕೋರ್ಟ್ ಆ ಪಕ್ಷವನ್ನೇ ವಿಸರ್ಜಿಸಿ ಪಿಟಾಗೆ 10 ವರ್ಷ ನಿಷೇಧ ಹಾಕಿತು. ಸಂಸದರು ಪೀಪಲ್ಸ್ ಪಾರ್ಟಿಗೆ ಬಂದರು. ಕೈಯಲ್ಲಿ 143 ಸೀಟು, ಅಭ್ಯರ್ಥಿ ಸೊನ್ನೆ. ಹಾಗಾಗಿ ಅವರು ಮತವನ್ನೇ ಚೌಕಾಸಿಗಿಟ್ಟರು: ಅನುತಿನ್‌ಗೆ ಮತ ಹಾಕ್ತೀವಿ, ಮಂತ್ರಿಗಿರಿ ಬೇಡ, ವಿರೋಧ ಪಕ್ಷದಲ್ಲೇ ಕೂರ್ತೀವಿ, ನೀತಿ ಹೇಳಿಕೆ ಮಂಡಿಸಿ ನಾಲ್ಕು ತಿಂಗಳೊಳಗೆ ಸದನ ವಿಸರ್ಜಿಸಬೇಕು, ಹೊಸ ಸಂವಿಧಾನದ ದಾರಿ ತೆರೀಬೇಕು. ಅಷ್ಟೇ ಅಲ್ಲ, ಪಕ್ಷಾಂತರ ಮಾಡಿಸಿ ಸ್ವಂತ ಬಹುಮತ ಕಟ್ಟಿಕೊಳ್ಳಬಾರದು ಅಂತಲೂ ಬರೆಸಿಕೊಂಡರು. ನನ್ನ ಲೆಕ್ಕದಲ್ಲಿ ಆ ಷರತ್ತೇ ಇಡೀ ಒಪ್ಪಂದದ ಬೀಗ.

ಇದನ್ನು ತಡೆಯಲು ಫ್ಯೂ ಥಾಯ್‌ನ ಹಂಗಾಮಿ ಪ್ರಧಾನಿ ಫುಮ್‌ಥಮ್ ಸದನ ವಿಸರ್ಜಿಸಲು ಹೋದರು. ಹಂಗಾಮಿಗೆ ಆ ಅಧಿಕಾರ ಇದೆಯಾ ಎಂಬ ತಕರಾರಿನಿಂದ ಕಡತ ವಾಪಸ್ ಬಂತು.

ಸೆಪ್ಟೆಂಬರ್ 5ಕ್ಕೆ ಬಹಿರಂಗ ಮತದಾನ. ಒಬ್ಬೊಬ್ಬರ ಹೆಸರು ಕರೀತಾರೆ, ಎದ್ದು ಹೇಳಬೇಕು. ಇದ್ದ 492 ಸದಸ್ಯರಲ್ಲಿ 247 ಬೇಕಿತ್ತು. ಹಾಜರಾದವರ ಬಹುಮತ ಸಾಲದು, ಹಾಗಾಗಿ ತಟಸ್ಥ ಉಳಿದರೆ ಅದು ವಿರುದ್ಧ ಹಾಕಿದಂತೆಯೇ. ಅನುತಿನ್ 311, ಚೈಕಸೆಮ್ 152, ತಟಸ್ಥ 27.

ಇನ್ನೊಬ್ಬರು: 1996ರಲ್ಲಿ ದೇವೇಗೌಡರಿಗೆ ಕಾಂಗ್ರೆಸ್ ಕೊಟ್ಟ ಹೊರಗಿನ ಬೆಂಬಲದ ಹಾಗೆ ಅಲ್ವಾ?

ಉತ್ತರ: ಅರ್ಧ ಸರಿ. ಗೌಡರ ಸರ್ಕಾರಕ್ಕೆ ಗಡುವು ಬರೆದಿರಲಿಲ್ಲ, ಕಾಂಗ್ರೆಸ್ ಕೈಬಿಟ್ಟ ಮೇಲೆ 1997ರ ಏಪ್ರಿಲ್‌ನಲ್ಲಿ ವಿಶ್ವಾಸಮತ ಸೋತರು. ಅನುತಿನ್ ಸರ್ಕಾರದ ಆಯಸ್ಸು ಜಾತಕದಲ್ಲೇ ಇತ್ತು. ಪೀಪಲ್ಸ್ ಪಾರ್ಟಿ ತೆಗೆದರೆ ಉಳಿಯೋದು 170ರ ಆಸುಪಾಸು. ಬಜೆಟ್ಟೋ ಅವಿಶ್ವಾಸವೋ ಬಂದರೆ ಅಷ್ಟರಲ್ಲಿ ನಿಲ್ಲೋಕಾಗಲ್ಲ.

ಕೊನೆಗೆ ಒಡಕು ಬಂದಿದ್ದು ಸಂವಿಧಾನ ತಿದ್ದುಪಡಿ ಚರ್ಚೆಯಲ್ಲೇ. ತಿದ್ದುಪಡಿಗೆ ಸೆನೆಟ್‌ನ (ಮೇಲ್ಮನೆಯ) ಮೂರನೇ ಒಂದು ಭಾಗದ ಒಪ್ಪಿಗೆ ಬೇಕೆಂಬ ಷರತ್ತು ಡಿಸೆಂಬರ್ 11ರ ಜಂಟಿ ಅಧಿವೇಶನದಲ್ಲಿ ಉಳಿದುಕೊಂಡಿತು, ಪೀಪಲ್ಸ್ ಪಾರ್ಟಿ ಅವಿಶ್ವಾಸದ ಮಾತೆತ್ತಿತು. ಮಾರನೇ ದಿನವೇ ಅನುತಿನ್ ಸದನ ವಿಸರ್ಜಿಸಿದರು. ಆಮೇಲೆ 45ರಿಂದ 60 ದಿನದೊಳಗೆ ಚುನಾವಣೆ ಆಗಬೇಕು, ದಿನಾಂಕ 2026ರ ಫೆಬ್ರವರಿ 8ಕ್ಕೆ ನಿಗದಿಯಾಯಿತು.