ಕೀಬೋರ್ಡ್‌ನಲ್ಲಿ ಬೇಸ್ ಇದೆ, ಬಾಕ್ಸ್‌ನಲ್ಲಿ ಮಾಯ. ಹೊಸದು ತಗೊಳ್ಳಲಾ?

ಹೊಸನಗರದ_ಕೀಲಿಮಣೆ:

ಎಲ್ಲರಿಗೂ ನಮಸ್ಕಾರ. ಮದುವೆ ಆರತಕ್ಷತೆ, ಗಣಪತಿ ಪೆಂಡಾಲು, ಭಜನೆ, ಹೀಗೆ ಕರೆದಲ್ಲಿಗೆ ಹೋಗಿ ಕೀಬೋರ್ಡ್ ನುಡಿಸುತ್ತೇನೆ. ತೋಟದ ಕೆಲಸದ ಜೊತೆ ಇದೂ ಒಂದು ಸಂಪಾದನೆ.

ನನ್ನದು 61 ಕೀಗಳ ಮಾಮೂಲಿ ಕೀಬೋರ್ಡ್, ಏಳು ವರ್ಷ ಹಳೆಯದು. ಸ್ಪೀಕರ್ ಅದರಲ್ಲೇ ಇದೆ. ಹಿಂದೆ ಸೌಂಡ್ ಹೊರಗೆ ತೆಗೆಯಲು ಒಂದೇ ತೂತು, ಪಕ್ಕದಲ್ಲಿ ಹೆಡ್‌ಫೋನ್ ಗುರುತು. ಮೊನ್ನೆ ರಿಪ್ಪನ್‌ಪೇಟೆಯಲ್ಲಿ ಒಂದು ಆರತಕ್ಷತೆ ಇತ್ತು. ಮೈಕ್‌ಸೆಟ್‌ನವರು ಹೊಸಬರು. ದೊಡ್ಡ ಮಿಕ್ಸರ್, ಆಳೆತ್ತರದ ಬಾಕ್ಸು. ಮನೆಯಲ್ಲಿ ಸರಿಯಾಗಿದ್ದ ಸೌಂಡ್ ಅಲ್ಲಿ ಪೂರ್ತಿ ಕೆಟ್ಟಿತು. ರಿದಂ ಹಾಕಿದರೆ ದೊಡ್ಡ ಡ್ರಮ್ಮಿನ ಗುದ್ದು, ಅದೇ ಕಿಕ್, ಇಲ್ಲ, ಬೇಸ್ ಇಲ್ಲ, ಸುಮ್ನೆ ಝಲ್ ಝಲ್. ಕೊಳಲಿನ ಟೋನ್ ಬಾವಿಯೊಳಗೆ ಕೂತು ಊದಿದ ಹಾಗೆ. ಸ್ಟ್ರಿಂಗ್ಸ್ ಮಾತ್ರ ಪರವಾಗಿಲ್ಲ. ವಾಲ್ಯೂಂ ಏರಿಸಿದರೆ ಗುಂಯ್ ಅನ್ನುತ್ತದೆ.

"ನಿಮ್ಮ ಕೀಬೋರ್ಡಿಗೆ ವಯಸ್ಸಾಯ್ತು" ಅಂದರು ಮೈಕ್‌ಸೆಟ್‌ನವರು. ಶಿವಮೊಗ್ಗದಲ್ಲಿ ಒಂದು ಅಂಗಡಿಗೆ ಹೋದರೆ ಸಿಂಥ್ (ಸಿಂಥಸೈಜರ್ ಕೀಬೋರ್ಡ್), ಆಂಪ್ (ಸ್ಪೀಕರ್ ಇರುವ ಆಂಪ್ಲಿಫೈಯರ್) ಎರಡೂ ಹೊಸದು ತಗೊಳ್ಳಿ ಅಂದರು. ಕೈಯಲ್ಲಿರುವುದು 35 ಸಾವಿರ. ಅಡಿಕೆ ಕೊಯ್ಲು ಮುಗಿಯುವವರೆಗೆ ಬೇರೆ ದುಡ್ಡಿಲ್ಲ. ಸಿಂಥ್ ಮೊದಲಾ, ಆಂಪ್ ಮೊದಲಾ?

ದುರ್ಗಿಗುಡಿ_ಟ್ಯೂನ್:

ಕಣ್ಣು ಮುಚ್ಚಿ ರೋಲ್ಯಾಂಡ್ ಎಕ್ಸ್‌ಪಿಎಸ್-10 ತಗೊಳ್ಳಿ ಸರ್. ಹಗುರ ಇದೆ, ಬಸ್ಸಿನಲ್ಲೂ ತರಬಹುದು. ನಮ್ಮ ದೇಶದ ವಾದ್ಯಗಳ ಟೋನ್‌ಗಳೂ ಇವೆ.

ಸಾಗರದ_ಸೌಂಡು:

ದುಡ್ಡು ಜೇಬಿನಲ್ಲೇ ಇರಲಿ ಮಾರಾಯ್ರೆ. ಮೊದಲು ಇಷ್ಟು ಹೇಳಿ. ಹೆಡ್‌ಫೋನ್ ಹಾಕಿದರೆ ಬೇಸ್ ಕೇಳುತ್ತದಾ? ಮೊನ್ನೆ ಹಾಕಿದ ವೈರ್ ಯಾರದ್ದು? ಕೀಬೋರ್ಡಿಗೆ ಚುಚ್ಚಿದ ಪಿ-38 ಪಿನ್ನಿನ, ಅಂದರೆ ಕಾಲಿಂಚಿನ ದಪ್ಪ ಜಾಕಿನ ಮೇಲೆ ಕಪ್ಪು ಗೆರೆ ಎಷ್ಟಿದೆ, ಒಂದಾ ಎರಡಾ?

ಹೊಸನಗರದ_ಕೀಲಿಮಣೆ:

ಹೆಡ್‌ಫೋನ್‌ನಲ್ಲಿ ಫಸ್ಟ್ ಕ್ಲಾಸ್. ವೈರ್ ಅವರದ್ದು, ಗಡಿಬಿಡಿಯಲ್ಲಿ ನನ್ನ ಬ್ಯಾಗಿನೊಳಗೇ ಬಂದುಬಿಟ್ಟಿದೆ, ವಾಪಸ್ ಕೊಡಬೇಕು. ಗೆರೆ ಎರಡು. ಆ ತುದಿಗೆ ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್. ಹಳೆಯ ಸೆಟ್‌ನವರ ವೈರಿನಲ್ಲಿ ಒಂದೇ ಗೆರೆ ಇರುತ್ತಿತ್ತು. ಅದರಲ್ಲಿ ಈ ತೊಂದರೆ ಇರಲಿಲ್ಲ ಅಂತ ನೀವು ಕೇಳಿದ ಮೇಲೆ ನೆನಪಾಯಿತು.

ಸಾಗರದ_ಸೌಂಡು:

ಹಾಗಾದರೆ ಸಿಕ್ಕಿತು. ಕೀಬೋರ್ಡಿಗೆ ಏನೂ ಆಗಿಲ್ಲ.

ಎರಡು ಗೆರೆ ಇದ್ದರೆ ಪಿನ್ನಿಗೆ ಮೂರು ಭಾಗ. ತುದಿಯಲ್ಲಿ ಎಡಗಿವಿಯ ಸೌಂಡ್, ನಡುವಿನ ಬಳೆಯಲ್ಲಿ ಬಲಗಿವಿಯದ್ದು, ಬುಡ ಗ್ರೌಂಡ್. ಇದು ಹೆಡ್‌ಫೋನಿನ ಲೆಕ್ಕ. ಮಿಕ್ಸರಿನ ಮೈಕ್ ಇನ್‌ಪುಟ್ಟಿನ ಲೆಕ್ಕವೇ ಬೇರೆ. ಅದು ಬ್ಯಾಲೆನ್ಸ್ಡ್. 2ನೇ ಪಿನ್ನಿನಲ್ಲಿ ಬಂದದ್ದರಿಂದ 3ನೇ ಪಿನ್ನಿನಲ್ಲಿ ಬಂದದ್ದನ್ನು ಕಳೆಯುತ್ತದೆ. ಮೈಕಿಗೆ ಇದು ವರ. ಉದ್ದ ವೈರಿನಲ್ಲಿ ದಾರಿ ಮೇಲೆ ಸೇರಿಕೊಂಡ ಗಲಾಟೆ ಎರಡರಲ್ಲೂ ಒಂದೇ ಇರುತ್ತದೆ, ಕಳೆದರೆ ಸೊನ್ನೆ. ನಿಮ್ಮ ವಿಷಯದಲ್ಲಿ ಅದು ಎಡದಿಂದ ಬಲವನ್ನು ಕಳೆಯಿತು. ಕಿಕ್, ಬೇಸ್ ಸಾಮಾನ್ಯವಾಗಿ ಎರಡು ಕಿವಿಗೂ ಸಮ ಇರುತ್ತವೆ. ಸಮ ಇದ್ದದ್ದೆಲ್ಲ ಹೋಯಿತು. ಕೊಳಲೂ ನಡುವಿನದ್ದೇ. ಅದರ ರಿವರ್ಬ್, ಅಂದರೆ ಪ್ರತಿಧ್ವನಿ ಮಾತ್ರ ಎಡಕ್ಕೊಂದು ಬಲಕ್ಕೊಂದು ಥರ ಇರುತ್ತದೆ, ಅದಷ್ಟು ಉಳಿಯಿತು. ನಿಮ್ಮ ಬಾವಿ ಅದೇ. ಸ್ಟ್ರಿಂಗ್ಸ್ ಅಗಲವಾಗಿ ಹರಡಿರುವ ಟೋನ್, ಹಾಗಾಗಿ ಬಚಾವಾಯಿತು.

ನಂಬಿಕೆ ಬರದಿದ್ದರೆ ವಾಲ್ಯೂಂ ಇಳಿಸಿ, ಅದೇ ವೈರನ್ನು ಮಿಕ್ಸರಿಗೆ ಹಾಕಿ, ಕೀಬೋರ್ಡಿನ ಕಡೆಯ ಪಿನ್ನನ್ನು ಒಂದು ಟಿಕ್ ಅನ್ನುವಷ್ಟು ಹೊರಗೆ ಎಳೆಯಿರಿ. ಈಗ ಒಂದೇ ಕಿವಿಯ ಸೌಂಡ್ ಹೋಗುತ್ತದೆ. ಕಳೆಯಲು ಇನ್ನೊಂದಿಲ್ಲ. ಬೇಸ್ ವಾಪಸ್ ಬರಬೇಕು. ಇದು ಪರೀಕ್ಷೆಗೆ ಮಾತ್ರ, ಪ್ರೋಗ್ರಾಂನಲ್ಲಿ ಹೀಗೆ ಬಿಡಬೇಡಿ. ಪರೀಕ್ಷೆಗೆ ಮುಂಚೆ ಆ ಚಾನೆಲ್ಲಿನ ಫ್ಯಾಂಟಮ್ ಪವರ್ ಆಫ್ ಇದೆಯಾ ನೋಡಿ. ಕಂಡೆನ್ಸರ್ ಮೈಕಿಗೆ ಕೊಡುವ 48 ವೋಲ್ಟ್ ಅದು. ಇಂಥ ವೈರಿನಲ್ಲಿ ನೇರ ಕೀಬೋರ್ಡಿನ ಔಟ್‌ಪುಟ್ಟಿಗೇ ಬರುತ್ತದೆ.

ಪರಿಹಾರ ಏನಂದರೆ, ಒಂದು ಸ್ಟೀರಿಯೋ ಪಿ-38ರಿಂದ ಎರಡು ಮೋನೋ ಪಿ-38 ಆಗಿ ಕವಲೊಡೆಯುವ ವೈರ್ ಮಾಡಿಸಿ. ಅವೆರಡನ್ನೂ ಮಿಕ್ಸರಿನ ಎರಡು ಲೈನ್ ಚಾನೆಲ್ಲಿಗೆ ಹಾಕಿ. ಎಡ, ಬಲ ಒಟ್ಟಿಗೆ ತಿರುಚಿ ಒಂದೇ ಪಿನ್ನಿಗೆ ಬೆಸುಗೆ ಹಾಕಿಸಬೇಡಿ. ಒಂದೇ ಚಾನೆಲ್ ಇರುವುದಾದರೆ ಎರಡಕ್ಕೂ ಒಂದೊಂದು 1 ಕಿಲೋಓಮ್ ರೆಸಿಸ್ಟರ್ ಕೂರಿಸಿ ಆಮೇಲೆ ಸೇರಿಸಬೇಕು. ಮಿಕ್ಸರ್ ದೂರ ಇದ್ದರೆ ಎರಡು ಚಾನೆಲ್ಲಿನ ಡಿಐ ಬಾಕ್ಸ್ ಒಂದು ಇಟ್ಟುಕೊಳ್ಳಿ, ಕೀಬೋರ್ಡಿನ ಸೌಂಡನ್ನು ಬ್ಯಾಲೆನ್ಸ್ಡ್ ಮಾಡಿ ಕಳಿಸುವ ಸಣ್ಣ ಡಬ್ಬಿ ಅದು. ಕೀಬೋರ್ಡಿನಿಂದ ಬಾಕ್ಸಿಗೆ ಗಿಡ್ಡ ವೈರ್, ಅಲ್ಲಿಂದ ಮುಂದೆ ಎಷ್ಟು ಉದ್ದ ಬೇಕಾದರೂ ಎಕ್ಸ್‌ಎಲ್‌ಆರ್.

ಹಳೆಯ ಒಂದು ಗೆರೆಯ ಪಿನ್ ಸರಿ ಇತ್ತು ಅಂದಿರಲ್ಲ, ಅದೂ ಅರ್ಧ ಸರಿ ಅಷ್ಟೇ. ಆ ಪಿನ್ ಬಲಗಡೆಯ ಔಟ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡುತ್ತದೆ. ಏಳು ವರ್ಷ ನೀವು ಎಡಗಿವಿಯ ಆರ್ಕೆಸ್ಟ್ರಾ ನಡೆಸಿದ್ದೀರಿ!

ಗುಂಯ್ ಬಂದದ್ದು, ಕಳೆದುಹೋದ ಸೌಂಡಿಗಾಗಿ ಮಿಕ್ಸರಿನಲ್ಲಿ ಸೌಂಡ್ ಹಿಗ್ಗಿಸುವ ಗೇನ್ ತಿರುವಿದ್ದಕ್ಕೆ ಇರಬಹುದು. ಆಮೇಲೂ ಉಳಿದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್, ಅಂದರೆ ಸೌಂಡ್ ವೈರಿನ ಗ್ರೌಂಡ್ ಬಿಡಿಸುವ ಸ್ವಿಚ್ ಒತ್ತಿ ನೋಡಿ. ಕೆಲವರು ಗುಂಯ್ ಹೋಗಲಿ ಅಂತ ಆಂಪ್ಲಿಫೈಯರಿನ ಪ್ಲಗ್ಗಿನಿಂದ ಅರ್ಥ್ ಪಿನ್ನನ್ನೇ ಕಿತ್ತು ಹಾಕುತ್ತಾರೆ. ದಯವಿಟ್ಟು ಬೇಡ. ನಮ್ಮ ಕಡೆ ಒದ್ದೆ ನೆಲ, ಭಜನೆಗೆ ಬರಿಗಾಲು, ಬಾಯಿಗೆ ತಾಗುವ ಕಬ್ಬಿಣದ ಮೈಕು. ಜೀವಕ್ಕೇ ಬರುತ್ತದೆ.

ತೀರ್ಥಹಳ್ಳಿ_ಶ್ರುತಿ:

ವೈರಿನ ಮಾತು ಪೂರ್ತಿ ಒಪ್ಪಿದೆ. ಆಂಪ್ ಬಗ್ಗೆ ನನ್ನದೊಂದು ಸೇರಿಸುತ್ತೇನೆ. ಮೂರು ವರ್ಷದ ಹಿಂದೆ ಕಡಿಮೆಗೆ ಸಿಕ್ಕಿತು ಅಂತ ಗಿಟಾರ್ ಆಂಪ್ ತಂದೆ. ಪಿಯಾನೋ ಟೋನ್ ಕಂಬಳಿ ಹೊದ್ದುಕೊಂಡು ಕೂತಿತು. ಗಿಟಾರ್ ಆಂಪಿನ ಸ್ಪೀಕರಿನಲ್ಲಿ ಸಾಮಾನ್ಯವಾಗಿ ಕೀಚಲು ಸೌಂಡಿಗೆ ಬೇಕಾದ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್ ಇರುವುದಿಲ್ಲ, ಸುಮಾರು 5 ಕಿಲೋಹರ್ಟ್ಸ್ ಆದ ಮೇಲೆ ಸೌಂಡ್ ಇಳಿಯುತ್ತಾ ಹೋಗುತ್ತದೆ. ಗಿಟಾರಿಗೆ ಅದೇ ಬೇಕು. ಕೀಬೋರ್ಡಿಗೆ ಬೇಸಿನಿಂದ ಗೆಜ್ಜೆಯವರೆಗೆ ಎಲ್ಲ ಬೇಕು, ಅಲ್ವಾ?

ಕೀಬೋರ್ಡ್ ಆಂಪ್ ಅಂತಲೇ ಬರುತ್ತವೆ. ರೋಲ್ಯಾಂಡ್ ಕೆಸಿ-80 ಅಂದರೆ 50 ವಾಟ್, ಕೆಸಿ-200 ಅಂದರೆ 100 ವಾಟ್. ಚೆನ್ನಾಗಿವೆ. ಆದರೆ ಮೈಕ್‌ಸೆಟ್‌ನವರು ಇದ್ದೇ ಇರುವ ಕಡೆ ನುಡಿಸುವವರಿಗೆ ಅಷ್ಟು ಖರ್ಚು ಯಾಕೆ? ನಾನೀಗ ಒಳಗೇ ಆಂಪ್ ಇರುವ 10 ಇಂಚಿನ ಪವರ್ಡ್ ಸ್ಪೀಕರ್ ಒಂದನ್ನು, ನನ್ನದು ನನಗೆ ಕೇಳಲಿ ಅಂತ ಮಾನಿಟರ್ ಥರ ಕಾಲ ಬಳಿ ಓರೆಯಾಗಿ ಇಟ್ಟುಕೊಳ್ಳುತ್ತೇನೆ. ಮೈಕ್‌ಸೆಟ್ ಇಲ್ಲದ ಸಣ್ಣ ಭಜನೆಗೆ ಅದನ್ನೇ ಸ್ಟ್ಯಾಂಡಿನ ಮೇಲೆ ಏರಿಸಿದರೆ ಆಯಿತು.

ದುರ್ಗಿಗುಡಿಯವರು ಹೇಳಿದ ಎಕ್ಸ್‌ಪಿಎಸ್-10ರಲ್ಲಿ ಒಳಗೆ ಸ್ಪೀಕರ್ ಇಲ್ಲ ಅನ್ನುವುದು ಗೊತ್ತಿರಲಿ. ಮನೆಯಲ್ಲಿ ಅಭ್ಯಾಸಕ್ಕೂ ಹೆಡ್‌ಫೋನೋ ಆಂಪೋ ಬೇಕು. ಮುಂದೆ ಹೊಸದು ತಗೊಳ್ಳುವಾಗ ಟೋನ್ ಎಷ್ಟು ಸಾವಿರ ಇವೆ ಅಂತ ಎಣಿಸುವ ಮುಂಚೆ ಹಿಂದೆ ತಿರುಗಿಸಿ ಔಟ್‌ಪುಟ್ ನೋಡಿ. ಎಡ, ಬಲ ಬೇರೆ ತೂತು ಇದ್ದರೆ ಈ ಪಿನ್ನಿನ ರಗಳೆಯೇ ಇಲ್ಲ. ಯಮಹಾ ಪಿಎಸ್‌ಆರ್-ಇ473ರಲ್ಲಿ ಸ್ಪೀಕರೂ ಇದೆ, ಬೇರೆ ಬೇರೆ ಔಟ್‌ಪುಟ್ಟೂ ಇದೆ.

ದುರ್ಗಿಗುಡಿ_ಟ್ಯೂನ್:

ಸ್ಪೀಕರ್ ವಿಷಯ ಹೇಳದೆ ಬಿಟ್ಟದ್ದು ನನ್ನ ತಪ್ಪೇ. ಆಂಪ್ ಇದ್ದವರಿಗೆ ಅದು ಈಗಲೂ ಒಳ್ಳೆಯ ಆಯ್ಕೆ ಅಕ್ಕಾ.

ಹೊಸನಗರದ_ಕೀಲಿಮಣೆ:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮಳೆಗೆ ಕರೆಂಟಿರಲಿಲ್ಲ.

ವೈರ್ ವಾಪಸ್ ಕೊಡಲು ಹೋದಾಗ ಮೈಕ್‌ಸೆಟ್‌ನವರ ಎದುರೇ ಪರೀಕ್ಷೆ ಮಾಡಿದೆ. ಫ್ಯಾಂಟಮ್ ಆಫ್ ಮಾಡಿಸಿ ಪಿನ್ ಒಂದು ಟಿಕ್ ಎಳೆದೆ. ಕಿಕ್ ಎದೆಗೇ ಗುದ್ದಿತು! ಅವರ ಹುಡುಗ ಕೂಡಲೇ ಕವಲಿನ ವೈರ್ ಬೆಸುಗೆ ಹಾಕಿಕೊಟ್ಟ. ಪಿನ್ ಮತ್ತು ವೈರಿನ ದುಡ್ಡು ಮಾತ್ರ ತೆಗೆದುಕೊಂಡರು. ಎರಡು ಚಾನೆಲ್ಲಿಗೆ ಹಾಕಿದ ಮೇಲೆ ಗುಂಯ್ ಕೂಡ ಹೆಚ್ಚುಕಡಿಮೆ ಹೋಗಿದೆ.

ಆದರೆ ಈಗ ಸೌಂಡ್ ಸ್ಪಷ್ಟವಾದ ಮೇಲೆ ಇನ್ನೊಂದು ಕಾಣಿಸಿತು. ಮಧ್ಯ ಸಪ್ತಕದ ಎರಡು ಕೀ ಎಷ್ಟು ಮೆತ್ತಗೆ ಒತ್ತಿದರೂ ಜೋರಾಗಿ ಕಿರುಚುತ್ತವೆ. ಒಮ್ಮೊಮ್ಮೆ ಬರುವುದೇ ಇಲ್ಲ.

ತೀರ್ಥಹಳ್ಳಿ_ಶ್ರುತಿ:

ಅದು ನಮ್ಮ ಮಳೆಯ ಕೊಡುಗೆ. ಕೀ ಕೆಳಗೆ ರಬ್ಬರಿನ ಗುಬ್ಬಿ, ಅದರಲ್ಲಿ ಎರಡು ಕಪ್ಪು ಕಾರ್ಬನ್ ಚುಕ್ಕಿ ಇರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರ ಮೇಲೆ ಮೆತ್ತಗೋ ಜೋರೋ ಅಂತ ಕೀಬೋರ್ಡ್ ಲೆಕ್ಕ ಹಾಕುತ್ತದೆ. ಧೂಳು, ಬೂಸ್ಟು ಕೂತರೆ ಆ ಲೆಕ್ಕ ತಪ್ಪುತ್ತದೆ. ಬಿಚ್ಚಿ ಬರುವವರಿಂದ ಬಿಚ್ಚಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ತಾಗಿಸಿ ಮೆಲ್ಲಗೆ ಒರೆಸಿಸಿ. ಉಜ್ಜಬಾರದು, ಕಾರ್ಬನ್ ಕಿತ್ತು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಜೋಡಿಸಿ. ಅಂದಹಾಗೆ, ಮಳೆಗಾಲದಲ್ಲಿ ಕೀಬೋರ್ಡ್ ಎಲ್ಲಿಡುತ್ತೀರಿ?

ಹೊಸನಗರದ_ಕೀಲಿಮಣೆ:

ಅಟ್ಟದ ಮೇಲೆ, ಪ್ಲಾಸ್ಟಿಕ್ ಸುತ್ತಿ.

ತೀರ್ಥಹಳ್ಳಿ_ಶ್ರುತಿ:

ಅಯ್ಯೋ, ಇವತ್ತೇ ಕೆಳಗಿಳಿಸಿ. ಪ್ಲಾಸ್ಟಿಕ್ಕಿನೊಳಗೆ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಬಟ್ಟೆ ಹೊದಿಸಿ ಗಾಳಿಯಾಡುವ ಕೋಣೆಯಲ್ಲಿಡಿ. ದಿನಾ ಅರ್ಧ ಗಂಟೆ ನುಡಿಸಿ.